ಅಮೆ ಹಾಕುವ ಯಂತ್ರ

೧೨ ಅಕ್ಟೋಬರ್ ೨೦೨೫, ರವಿವಾರ. ಅಂಕೋಲಾ

ಸಾತ್ವಿಕ ಬಂದಿದ್ದ. ತೀರಿಹೋದ ತಮ್ಮನ ಮಗ ಅಂತ ಒಳಗೆ ಕರೆದೆ, ಇಲ್ಲದಿದ್ದರೆ ಆ ಅವತಾರ ನೋಡಿ ಗೇಟಿನಲ್ಲೇ ಚಿಲ್ಲರೆ ಕೊಟ್ಟು ಕಳಿಸುತ್ತಿದ್ದೆ. ಕಾರವಾರದ ಹಬ್ಬುವಾಡದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಬೋಟಿನವರಿಗೂ ಹೋಟೆಲಿನವರಿಗೂ ವೆಬ್‌ಸೈಟ್ ಮಾಡಿಕೊಡುತ್ತಾನೆ. ಮಂತ್ರ ಕಲಿ ಅಂದರೆ ಹೊಟ್ಟೆನೋವು ಅನ್ನುತ್ತಿದ್ದ ಮಾಣಿ.

ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಒಂದು ಯಂತ್ರ ತೆಗೆದು ನನ್ನ ಮುಂದಿಟ್ಟ. ಮುಖಕ್ಕೊಂದು ಗಾಜು, ತಲೆಯ ಮೇಲೆ ಎರಡು ಗುಂಡಿ. ಕಾಣದ ದುಡ್ಡು ಇಡುವವರು ಇಂಥದ್ದನ್ನು ಇಟ್ಟುಕೊಳ್ಳುತ್ತಾರಂತೆ. ಕ್ರಿಪ್ಟೋ ವಾಲೆಟ್ ಅಂತೆ.

"ಇದ್ರಲ್ಲಿ ದುಡ್ಡು ಇದ್ದನ?" ಎಂದೆ.

"ಇಲ್ಲೆ ದೊಡ್ಡಪ್ಪ. ಖಾಲಿ."

"ಕಾಣದ ದುಡ್ಡು ಖಾಲಿ ಆಗಿದ್ದು ನಿಂಗೆ ಹ್ಯಾಂಗೆ ಗೊತ್ತಾತು?"

ಹಲ್ಲು ಕಿರಿದ. ಅಷ್ಟೇ ಅವನಿಗೆ ಬರುವುದು.

ವಿಷಯ ಇಷ್ಟು. ನಮ್ಮ ರಾಮನಗುಳಿ ಭಟ್ಟರ ವಂಶಕ್ಕೊಂದು ವೆಬ್‌ಸೈಟ್ ಇದೆ, ಇವನೇ ಮಾಡಿದ್ದು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯಲ್ಲಿ ಯಾರು ಹೋದರು ಎಂದು ಅದರಲ್ಲಿ ಹಾಕಿದರೆ ದಾಯಾದಿಗಳಿಗೆಲ್ಲ ಫೋನಿನಲ್ಲಿ ಬರುತ್ತದೆ. ಹುಟ್ಟಿದರೆ ಹತ್ತು ದಿನ ಅಮೆ, ಸತ್ತರೆ ಹತ್ತು ದಿನ ಸೂತಕ. ಅಷ್ಟು ದಿನ ದೇವರ ಪೂಜೆ ಇಲ್ಲ, ವೇದಪಾಠ ಇಲ್ಲ, ಪೌರೋಹಿತ್ಯ ಇಲ್ಲ. ಇದನ್ನೂ ಬಿಡಿಸಿ ಬರೆಯಬೇಕಾದ ಕಾಲ ಬಂದಿದೆ, ಯಾಕೆಂದರೆ ನಮ್ಮ ಈಗಿನ ಹುಡುಗರಲ್ಲಿ ಅರ್ಧ ಜನ ಅಮೆ ಅಂದರೆ ಆಮೆ ಅಂದುಕೊಂಡಿದ್ದಾರೆ.

ಆ ಸೈಟಿಗೊಂದು ಪಾಸ್‌ವರ್ಡ್ ಇತ್ತು. ಊರಿಗೆಲ್ಲ ಗೊತ್ತಿರುವ ಗುಟ್ಟು. ಚೌತಿಯ ಹಿಂದಿನ ದಿನ ಯಾವನೋ ಕತ್ತೆ, ಸುಂಕಸಾಳದ ತಿಮ್ಮಣ್ಣ ಭಟ್ಟ ತೀರಿಕೊಂಡ ಎಂದು ಹಾಕಿಬಿಟ್ಟ. ತೀರಿಕೊಂಡದ್ದು ಬೇರೆ ಊರಿನ ಬೇರೆ ತಿಮ್ಮಣ್ಣ. ನಾಲ್ಕು ಮನೆಯಲ್ಲಿ ತಂದಿಟ್ಟ ಗಣಪತಿ ಪೂಜೆಯಿಲ್ಲದೆ ಮಣೆಯ ಮೇಲೆ ಹಾಗೇ ಕೂತ. ನಮ್ಮ 'ಸತ್ತ' ತಿಮ್ಮಣ್ಣ ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಬನ್ಸ್ ತಿನ್ನುತ್ತ ನನಗೇ ಫೋನ್ ಮಾಡಿ, "ಅಣ್ಣಾ, ಯಾರೋ ಹೋದ್ವಡ, ಯಾರು?" ಎಂದು ಕೇಳಿದ.

ಹಾಗಾಗಿ ಈಗ ಪಾಸ್‌ವರ್ಡೇ ಇಲ್ಲ. ಒಳಗೆ ಹೋಗಬೇಕಾದಾಗ ಸೈಟು ಪ್ರತಿ ಸಲ ಹೊಸ ಪ್ರಶ್ನೆ ಕಳಿಸುತ್ತದೆ. ಯಂತ್ರ ತನ್ನೊಳಗಿನ ಗುಟ್ಟಿನಿಂದ ಅದಕ್ಕೆ ರುಜು ಹಾಕುತ್ತದೆ. ಗುಟ್ಟು ಮಾತ್ರ ಯಂತ್ರ ಬಿಟ್ಟು ಹೊರಗೆ ಬರುವುದಿಲ್ಲ. ಎರಡೂ ಗುಂಡಿ ಒಟ್ಟಿಗೆ ಒತ್ತಿದವನಿಗೆ ಬಾಗಿಲು ತೆರೆಯುತ್ತದೆ, ಉಳಿದವರಿಗೆ ಇಲ್ಲ. ಅದು ನನ್ನ ಹತ್ತಿರ ಇರಲಿ ಎಂದು ಹಿರಿಯರೆಲ್ಲ ಹೇಳಿದರಂತೆ. ರಾಮನಗುಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಧುಕೇಶ್ವರ ತನಗೇ ಬೇಕೆಂದು ಹಾರಾಡಿದನಂತೆ. ಅದು ಕೇಳಿದ್ದೇ ತಡ, ನಾನು ಒಪ್ಪಿಕೊಂಡೆ.

೧೮ ಅಕ್ಟೋಬರ್, ಶನಿವಾರ

ಸಾತ್ವಿಕ ಮತ್ತೆ ಬಂದ. ಜೊತೆಗೆ ಅವಳೂ ಬಂದಿದ್ದಳು. ಅವಳ ಹೆಸರನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ. ಕಾರವಾರದ ಮೀನುಗಾರರ ಮನೆಯ ಹುಡುಗಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿ ಆದ ಮದುವೆ. ಅಗ್ನಿ ಇಲ್ಲ, ಸಪ್ತಪದಿ ಇಲ್ಲ, ನಾನೂ ಇರಲಿಲ್ಲ. ಈಗ ತುಂಬಿದ ಬಸುರಿ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಅವಳು ಬರಲೂ ಇಲ್ಲ, ಜಗಲಿಯಲ್ಲೇ ಕೂತಳು. ದೇವಕಿ ಮಾತ್ರ ಓಡಿ ಹೋಗಿ ಕುರ್ಚಿ ಹಾಕಿ, ಮುರುಗಲ ಪಾನಕ ಮಾಡಿ ಕೊಟ್ಟಳು. ನನ್ನ ಹೆಂಡತಿಗೆ ಯಾರು ಬಂದರೂ ಪಾನಕ ಮಾಡುವ ಹುಚ್ಚು.

ಯಂತ್ರಕ್ಕೊಂದು ಸಂಖ್ಯೆ ಇಟ್ಟೆವು. ಅದನ್ನು ಮೂರು ಸಲ ತಪ್ಪು ಒತ್ತಿದರೆ ಯಂತ್ರ ಎಲ್ಲ ಮರೆತುಬಿಡುತ್ತದಂತೆ. ಆಮೇಲೆ ಅದಕ್ಕೆ ನೆನಪು ಬರಬೇಕಾದರೆ ಇಪ್ಪತ್ನಾಲ್ಕು ಇಂಗ್ಲಿಷ್ ಶಬ್ದಗಳನ್ನು ಸಾಲಾಗಿ ಕೊಡಬೇಕು. ಸಾತ್ವಿಕ ಆ ಶಬ್ದಗಳನ್ನು ಒಂದು ಚೀಟಿಯಲ್ಲಿ ಬರೆದು, "ಇದ್ನ ಬ್ಯಾಂಕಿನ ಲಾಕರಿನಲ್ಲಿ ಇಡಿ ದೊಡ್ಡಪ್ಪ" ಎಂದ.

ಲಾಕರ್! ಇಪ್ಪತ್ನಾಲ್ಕು ಶಬ್ದಕ್ಕೆ! ನಾಲ್ಕು ವರ್ಷ ಗುರುಗಳ ಎದುರು ಕೂತು ವೇದದ ಕ್ರಮಪಾಠ ಮಾಡಿದವನಿಗೆ ಈ ಮಾಣಿ ಚೀಟಿ ಕೊಡುತ್ತಾನೆ. ಮಣೆಯ ಮೇಲೆ ಕೂತೆ. ಒಂದನೆಯದು ಎರಡನೆಯದು, ಎರಡನೆಯದು ಮೂರನೆಯದು, ಮೂರನೆಯದು ನಾಲ್ಕನೆಯದು, ಹೀಗೆ ಜೋಡಿ ಹಿಡಿದು ಸ್ವರ ಹಾಕಿ ಹೇಳುತ್ತ ಹೋದೆ. ಊಟದ ಹೊತ್ತಿಗೆ ಮುಗಿಯಿತು. ಚೀಟಿಯನ್ನು ಒಲೆಗೆ ಹಾಕಿದೆ. ಸಾತ್ವಿಕ "ಅಯ್ಯೋ ದೊಡ್ಡಪ್ಪಾ" ಎಂದು ಒಲೆಗೇ ಕೈ ಹಾಕಲು ಹೋದ. ಪುಕ್ಕಲ.

ಅಷ್ಟರಲ್ಲಿ ಜಗಲಿಯಿಂದ ನಗು ಕೇಳಿತು. ನಾನು ಹಾಗೇ ಒಮ್ಮೆ ಕಡೆಯ ಭಾಗ ತಿರುವಿ ಹಾಕುತ್ತ "ಬೇಕನ್ ಟ್ಯೂನಾ, ಟ್ಯೂನಾ ಅಂಕಲ್" ಎಂದು ಹೇಳುತ್ತಿದ್ದೆ.

"ದೊಡ್ಡಪ್ಪಾ, ಬೇಕನ್ ಅಂದ್ರೆ ಹಂದಿ ಮಾಂಸ," ಎಂದಳು ಹೊರಗಿನಿಂದ. "ಟ್ಯೂನಾ ನಮ್ದು, ಮೀನು."

ಬಾಯಿ ತೊಳೆದುಕೊಂಡು ಬಂದೆ. ಈ ಯಂತ್ರ ಮಾಡಿದವರಿಗೆ ಬೇರೆ ಶಬ್ದವೇ ಸಿಗಲಿಲ್ಲವೇ? ಮತ್ತೆ, ನನ್ನನ್ನು ದೊಡ್ಡಪ್ಪ ಅನ್ನಲು ಇವಳಿಗೆ ಯಾರು ಹೇಳಿಕೊಟ್ಟರು? ಸ್ವರ ಮಾತ್ರ ಆ ಜೋಡಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ.

೨ ನವೆಂಬರ್, ರವಿವಾರ

ಯಲ್ಲಾಪುರದ ಕಡೆ ನಮ್ಮ ದಾಯಾದಿ ಮುದುಕರೊಬ್ಬರು ಹೋದರು. ವಿಚಾರಿಸಿ ಖಾತ್ರಿ ಮಾಡಿಕೊಂಡು ಹಾಕಿದೆ. ಯಂತ್ರದ ತಂತಿಯನ್ನು ಫೋನಿಗೆ ಸಿಕ್ಕಿಸಿ, ಸಂಖ್ಯೆ ಕೊಟ್ಟು, ಗಾಜಿನಲ್ಲಿ ಸೈಟಿನ ಹೆಸರೂ ತಾರೀಕೂ ಬಂದ ಮೇಲೆ ಎರಡೂ ಗುಂಡಿ ಒತ್ತಿದೆ. ನಾನು ಒತ್ತುವ ತನಕ ತೆಪ್ಪಗೆ ಕಾಯುತ್ತ ಕೂತಿತ್ತು. ನನ್ನ ಬಳಗದಲ್ಲಿ ಅಷ್ಟು ಮರ್ಯಾದೆ ಇರುವ ಪ್ರಾಣಿ ಇನ್ನೊಂದಿಲ್ಲ.

ನನಗೂ ಸೂತಕ. ನಮ್ಮ ಮನೆ ದೇವರಿಗೆ ಹೂ ನೀರು ಹಾಕಲು ಪಕ್ಕದ ಮನೆಯ ಹೆಗಡೆಗೆ ಹೇಳಿದೆ. ಅವನದು ಬೇರೆ ವಂಶ, ಅವನು ಮುಟ್ಟಬಹುದು. ಅವನ ಉಚ್ಚಾರ ಕೇಳಿದರೆ ದೇವರಿಗೇ ಎದ್ದು ಹೋಗೋಣ ಅನ್ನಿಸಬೇಕು.

೧೬ ನವೆಂಬರ್, ರವಿವಾರ

ಸಾತ್ವಿಕ ಒಬ್ಬನೇ ಬಂದ. ಕಾಫಿ ಕುಡಿಯುವ ತನಕ ಅದೂ ಇದೂ ಮಾತಾಡಿದ. ಲೋಟ ಇಟ್ಟ ಮೇಲೆ ಬಾಯಿ ಬಿಟ್ಟ.

"ಈ ವಾರದಲ್ಲೇ ಹೆರಿಗೆ ಆಗ್ತು ಹೇಳಿ ಡಾಕ್ಟರು ಹೇಳಿದ್ದ. ಆದ ಕೂಡ್ಲೆ ನಿಂಗ ಸೈಟಿನಲ್ಲಿ ಹಾಕವು."

"ಎಂತಕ್ಕೆ ಹಾಕವು? ನಮ್ಮ ವಂಶದ ಮಗು ಹೇಳಿ ಯಾರು ಹೇಳಿದ್ದ?"

"ಆನು ನಿಮ್ಮ ವಂಶ ಅಲ್ದಾ?"

ಅವನ ತಂದೆ, ಅಂದರೆ ನನ್ನ ತಮ್ಮ, ಹೀಗೇ. ತಿರುಗಿಸಿ ಕೇಳುವ ರೋಗ. ನಾನು ಹೇಳಿದೆ: ಸೈಟು ಮಾಡಿದವ ನೀನು, ಹೊಕ್ಕು ನೀನೇ ಹಾಕಿಕೊ, ನಿನಗೆ ಬೇರೆ ದಾರಿ ಗೊತ್ತಿರುತ್ತದೆ.

"ದಾರಿ ಮಾಡ್ಕ್ಯಂಬ್ಲೆ ಬತ್ತು," ಎಂದ. "ಆದ್ರೆ ಆನು ಹಾಕಿರೆ ಅದು ಸುದ್ದಿ. ನಿಂಗ ಹಾಕಿರೆ ಅದು ಅಮೆ."

ಮಾತು ಕಲಿತಿದ್ದಾನೆ. ಅವನಿಗೆ ಬೇಕಾದದ್ದು ಪೇಡೆ ಅಲ್ಲ, ಅಭಿನಂದನೆ ಅಲ್ಲ. ಇಡೀ ವಂಶ ಹತ್ತು ದಿನ ಕೈ ಕಟ್ಟಿ ಕೂರಬೇಕು, ರಾಮನಗುಳಿಯಿಂದ ಕಾರವಾರದ ತನಕ ಒಂದು ಗಂಟೆಯೂ ಬಾರಿಸಬಾರದು, ಆಗ ಮಾತ್ರ ಆ ಮಗು ನಮ್ಮದು. ಹತ್ತು ದಿನ ದಾಟಿದ ಮೇಲೆ ಕಿವಿಗೆ ಬಿದ್ದ ಹುಟ್ಟಿಗೆ ಅಮೆ ಇಲ್ಲ. ಅದೂ ಅವನಿಗೆ ಗೊತ್ತಿದೆ. ಶಾಸ್ತ್ರ ಕಲಿಯದವರು ತಮಗೆ ಬೇಕಾದ ತುಂಡನ್ನು ಮಾತ್ರ ಸರಿಯಾಗಿ ಕಲಿತಿರುತ್ತಾರೆ.

ಆಗುವುದಿಲ್ಲ ಎಂದೆ. ಎದ್ದು ನಮಸ್ಕಾರ ಮಾಡಿ ಹೋದ. ಜಗಳವಾದರೂ ಮಾಡಬಾರದೇ, ಬೆನ್ನುಮೂಳೆ ಇಲ್ಲದವ.

೨೩ ನವೆಂಬರ್, ರವಿವಾರ

ಹೆಣ್ಣಂತೆ. ಬೆಳಿಗ್ಗೆ, ಕಾರವಾರದ ಆಸ್ಪತ್ರೆಯಲ್ಲಿ. ಸಾತ್ವಿಕನೇ ಫೋನ್ ಮಾಡಿದ. ಸರಿ ಎಂದು ಇಟ್ಟೆ. ನನಗೇನು.

ಸಂಜೆಯಿಂದ ಮೊಣಕಾಲು ನೋವು.

೨೫ ನವೆಂಬರ್, ಮಂಗಳವಾರ

ಮಣೆಯ ಮೇಲೆ ಕೂರಲು ಆಗುತ್ತಿಲ್ಲ. ದೇವರ ಪೂಜೆಗೆ ಹೆಗಡೆಗೆ ಹೇಳಿದ್ದೇನೆ. ಗುರುವಾರ ಕಾರವಾರದಲ್ಲಿ ದೊಡ್ಡ ಗೃಹಪ್ರವೇಶ ಇತ್ತು, ಅದನ್ನೂ ಬೇರೆ ಪುರೋಹಿತರಿಗೆ ಬಿಟ್ಟೆ. ಯಜಮಾನ ಕೇಳುತ್ತಾನೆ, "ಭಟ್ರೆ, ಕುರ್ಚಿ ಮೇಲೆ ಕೂತು ಮಾಡಿಸ್ಲಿಕ್ಕೆ ಬರೂದಿಲ್ಲಾ?" ಕುರ್ಚಿ ಮೇಲೆ ಕೂತು ಹೋಮ! ನಾಳೆ ಮಂಚದ ಮೇಲೆ ಮಲಗಿ ಮಾಡಿಸಿ ಎನ್ನುತ್ತಾನೆ. ದೇವಕಿ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತರುತ್ತೇನೆ ಎಂದು ಒಂದು ಸಲವೂ ಹೇಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದು ನನ್ನ ಬೆಲೆ. ಪೇಟೆಗೆ ಹೋಗಿ ಬರಲು ಮಾತ್ರ ನಾನು ನಡೆದೇ ಹೋಗಬೇಕು.

ಮಧ್ಯಾಹ್ನ ಒಬ್ಬ ಹೆಂಗಸು ಗೇಟಿನ ಹೊರಗೆ ನಿಂತು "ಭಟ್ರೆ" ಎಂದು ಕೂಗಿದಳು. ಹುಡುಗಿಯ ತಾಯಿ, ಕಾಶಿ. ಕಾರವಾರದಿಂದ ಬಸ್ಸಿಗೆ ಬಂದಿದ್ದಾಳೆ. ಒಳಗೆ ಬರುವುದಿಲ್ಲ ಎಂದಳು, ನಾನು ಕರೆದೂ ಇರಲಿಲ್ಲ. ಬಂದ ಕೆಲಸವನ್ನು ಅಲ್ಲೇ ಹೇಳಿದಳು. ದನಿ ತಗ್ಗಿಸುವ ಅಭ್ಯಾಸ ಇಲ್ಲ, ಇಡೀ ಓಣಿಗೆ ಕೇಳಿತು.

"ಮಗು ಹುಟ್ಟಿದ್ರೆ ನಮ್ಮಲ್ಲೂ ಅಮೆ ಹಿಡೀತ್ರು ಭಟ್ರೆ. ನಾನೂ ದೇವ್ರ ಮುಟ್ಟಲಿಲ್ಲ. ಆದ್ರೆ ಮಗು ನಿಮ್ಮ ಮನೆದು. ನಿಮ್ಮಲ್ಲಿ ಹಿಡಿದ್ರಾ ಇಲ್ಲಾ, ಅಷ್ಟ್ ಕೇಳ್ಕಂಡು ಹೋಗ್ವಾ ಅಂತ ಬಂದೆ."

"ನಮ್ಮಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ," ಎಂದೆ.

"ನನ್ನ ಮಗ್ಳು ಕೇಳ್ಕಂಡು ಬಾ ಅನ್ಲಿಲ್ಲ ಮತ್ತೆ. ಅವ್ಳಿಗೆ ನಾ ಬಂದದ್ದೇ ಗೊತ್ತಿಲ್ಲ. ನಿನ್ನೆಯಿಂದ ಫೋನ್ ನೋಡ್ತಾ ಮಲಗಿರ್ತದೆ, ಕರುಳು ಚುರ್ ಅಂತದೆ ಭಟ್ರೆ."

ಅವಳು ಅಂಗಳದ ತುಳಸಿಯನ್ನು ನೋಡಿದಳು. ಹೆಗಡೆ ಇನ್ನೂ ಬಂದಿರಲಿಲ್ಲ, ಮೊನ್ನೆಯ ಹೂ ಒಣಗಿ ಅಲ್ಲೇ ಇತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದಾ" ಎಂದು ಹೊರಟುಹೋದಳು. ಎಂಥ ಹೌದಾ? ಕೇಳಿದ್ದಕ್ಕೆ ಇಲ್ಲ ಎಂದು ಕನ್ನಡದಲ್ಲೇ ಹೇಳಿದ್ದೇನೆ.

೨೭ ನವೆಂಬರ್, ಗುರುವಾರ

ಮಧುಕೇಶ್ವರ ರಾಮನಗುಳಿಯಿಂದ ಮೊದಲ ಬಸ್ಸಿಗೇ ಬಂದು ವಕ್ಕರಿಸಿದ. ಬಾಯಲ್ಲಿ ಎಲೆಯಡಿಕೆಯ ಕವಳ, ಅದನ್ನು ಉಗಿಯಲೂ ಇಲ್ಲ, ಮಾತೂ ನಿಲ್ಲಿಸಲಿಲ್ಲ.

"ಅಣ್ಣ, ನೀನು ಹಾಕ್ತಿಲ್ಲೆ ಅಲ್ದಾ? ಎಲ್ಲ ಬದಿಗೂ ಮಾತಾಗ್ತಾ ಇದ್ದು. ಮೀನಿನವರ ಮಗುಗೆ ಆನು ಅಮೆ ಹಿಡಿತ್ನಿಲ್ಲೆ, ಮೊದ್ಲೇ ಹೇಳ್ತಿ."

ನಿನ್ನನ್ನು ಕೇಳಿದವರು ಯಾರು ಎಂದೆ. ಹಾಕುವುದಿಲ್ಲ ಎಂದು ನಾನೇ ಹೇಳಿಯಾಗಿದೆ, ಅದನ್ನು ಇವನು ಬಂದು ನನಗೆ ಹೇಳಬೇಕೇ? ನನ್ನ ಅಭಿಪ್ರಾಯವೇ ಇವನ ಕವಳದ ಬಾಯಿಂದ ಬಂದಾಗ ಎಷ್ಟು ಹೊಲಸಾಗಿ ಕೇಳುತ್ತದೆ. ಮಗುವಿಗೆ ಇನ್ನೂ ಕಣ್ಣು ಬಿಡಲಿಕ್ಕೆ ಸರಿಯಾಗಿ ಬಂದಿಲ್ಲ, ಅಷ್ಟರಲ್ಲಿ ಈ ಮಹಾನುಭಾವನಿಗೆ ಅದರ ಮೇಲೆ ದ್ವೇಷ.

ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಘನಕಾರ್ಯ ಮಾಡಿದ್ದ. ಮೇಜಿನ ಮೇಲಿದ್ದ ಯಂತ್ರ ಅವನ ಕೈಯಲ್ಲಿತ್ತು. ಸಂಖ್ಯೆ ಕೇಳಿತಂತೆ. ಮೊದಲು ಒಂದು ಎರಡು ಮೂರು ನಾಲ್ಕು ಒತ್ತಿದನಂತೆ. ಆಮೇಲೆ ತನ್ನ ಸ್ಕೂಟರಿನ ನಂಬರು ಒತ್ತಿದನಂತೆ, ನನ್ನ ಯಂತ್ರಕ್ಕೆ ಅವನ ಸ್ಕೂಟರಿನ ನಂಬರು! ಮೂರನೆಯದು ಏನೆಂದು ಅವನಿಗೇ ನೆನಪಿಲ್ಲ. ಈಗ ಗಾಜಿನ ಮೇಲೆ 'ಸ್ವಾಗತ' ಎಂದು ಇಂಗ್ಲಿಷಿನಲ್ಲಿ ಬರುತ್ತದೆ, ಹೊಸ ಯಂತ್ರದ ಹಾಗೆ. ಎಲ್ಲ ಮರೆತಿದೆ.

"ಆನು ಸುಮ್ನೆ ನೋಡ್ತಿದ್ದಿ ಅಷ್ಟೇ," ಎಂದ. ಮುಖದಲ್ಲಿ ಬೇಸರ ಇರಲಿಲ್ಲ, ಎಳ್ಳಷ್ಟೂ ಇರಲಿಲ್ಲ. "ಹೋಗ್ಲಿ ಬಿಡು. ಹೊಸದು ಮಾಡಿ ಯನ್ನ ಕೈಲಿ ಕೊಡ್ಲಿ ಮಾಣಿ. ನಿಂಗೂ ವಯಸ್ಸಾತು."

ಸಾತ್ವಿಕನಿಗೆ ಫೋನ್ ಮಾಡಿ ನಾಳೆ ಬಾ ಎಂದೆ. ಮಧುಕೇಶ್ವರ ತಾನೂ ಇದ್ದು ನೋಡಿಯೇ ಹೋಗುತ್ತೇನೆ ಎಂದು ಇಲ್ಲೇ ಠಿಕಾಣಿ ಹೂಡಿದ್ದಾನೆ. ಊಟಕ್ಕೆ ಎರಡು ಸಲ ತಂಬಳಿ ಹಾಕಿಸಿಕೊಂಡ.

೨೮ ನವೆಂಬರ್, ಶುಕ್ರವಾರ

ಇದನ್ನು ನಡೆದ ಹಾಗೆ ಬರೆಯುತ್ತೇನೆ, ಯಾಕೆಂದರೆ ಮಧುಕೇಶ್ವರ ನಾಲ್ಕು ಮನೆಗೆ ಹೋಗಿ ಉಪ್ಪು ಖಾರ ಹಚ್ಚಿ ಹೇಳುತ್ತಾನೆ.

ಸಾತ್ವಿಕ ಹತ್ತು ಗಂಟೆಯ ಸುಮಾರಿಗೆ ಬಂದ. ನಿದ್ದೆ ಇಲ್ಲದ ಕಣ್ಣು. ಮಗುವಿನ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ದೇವಕಿ ಅಡುಗೆಮನೆಗೆ ಕರೆದು ಏನೇನೋ ಕೇಳಿದಳು, ಹಾಲು ಸಾಕಾಗುತ್ತಿದೆಯೋ, ಮಗು ರಾತ್ರಿ ಅಳುತ್ತದೆಯೋ ಅಂತ. ವಿನುತಾಳಿಗೆ ಸ್ವಲ್ಪ ಜ್ವರ ಇದೆಯಂತೆ. ಆಸ್ಪತ್ರೆಯವರು ಏನು ಮಾಡುತ್ತಿದ್ದಾರೆ, ಬಾಣಂತಿಗೆ ಜ್ವರ ಬರುವ ತನಕ?

ಆಮೇಲೆ ಯಂತ್ರ ಹಿಡಿದು ಎದುರಿಗೆ ಕೂತ. "ಶಬ್ದ ಒಂದೊಂದಾಗಿ ಹೇಳಿ ದೊಡ್ಡಪ್ಪ. ಆನು ಒಳಗೆ ಹಾಕ್ತಿ. ಇಪ್ಪತ್ನಾಲ್ಕೂ ಸರಿಯಾದ್ರೆ ಹಳೇ ಕೀಲಿಯೇ ವಾಪಸ್ ಬತ್ತು."

"ಹೇಳಲೆ ಬತ್ತಿಲ್ಲೆ," ಎಂದೆ.

ಮಧುಕೇಶ್ವರನ ಮುಖ ಅರಳಿತು. "ಮರ್ತು ಹೋತನ? ಆನು ಹೇಳಿದ್ನಲಾ, ವಯಸ್ಸಾತು ಹೇಳಿ. ಚೀಟಿ ಸುಟ್ಟನಡ! ಯಾರಾದ್ರೂ ಸುಡ್ತ್ವ?"

ಮೈಯೆಲ್ಲ ಉರಿದುಹೋಯಿತು. ಒಂದು ಸಂಧ್ಯಾವಂದನೆಯನ್ನು ತಪ್ಪಿಲ್ಲದೆ ಮುಗಿಸಲಾರದವ ನನಗೆ ಮರೆವು ಎನ್ನುತ್ತಾನೆ.

"ಮರೆಯಲೆ ಆನು ನಿನ್ನಂಥವ್ನ? ಕ್ರಮ ಹಿಡಿದು ಕಲ್ತಿದ್ದು, ಕ್ರಮದಲ್ಲೇ ಬಾಯಿಗೆ ಬಪ್ಪದು. ಅಮೆಯಲ್ಲಿ ಪಾಠ ಹೇಳಲಾಗ. ಅಷ್ಟೂ ಗೊತ್ತಿಲ್ಯನ ನಿಂಗೆ?"

ದೇವಕಿ ಚಹದ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಮಧುಕೇಶ್ವರ ಕವಳ ಅಗಿಯುವುದನ್ನೂ ಬಿಟ್ಟ.

"ಯಾರ ಅಮೆ, ದೊಡ್ಡಪ್ಪ?" ಎಂದು ಸಾತ್ವಿಕ ಕೇಳಿದ.

ನಾನು ಹೇಳಿದ್ದು ನಿಯಮ. ನಿಯಮ ಹೇಳಿದವನನ್ನು ಯಾರದು ಎಂದು ಕೇಳುವುದು ಎಂಥ ವಿದ್ಯಾವಂತಿಕೆ? ಆ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಯಂತ್ರ ಇತ್ತ ಕೊಡು ಎಂದೆ.

ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೂ ಸ್ವರ ಎತ್ತದೆ, ಒಂದೊಂದೇ ಅಕ್ಷರ ಹುಡುಕಿ ಹಾಕಿದೆ. ಎಡ ಗುಂಡಿ ಒತ್ತಿದರೆ ಅಕ್ಷರ ಹಿಂದೆ, ಬಲ ಒತ್ತಿದರೆ ಮುಂದೆ, ಎರಡೂ ಒತ್ತಿದರೆ ಅದೇ ಅಕ್ಷರ. ಕ್ರಮ ಬಿಟ್ಟು ಬಿಡಿಬಿಡಿಯಾಗಿ ಶಬ್ದ ಹೆಕ್ಕುವುದು ಎಷ್ಟು ಕಷ್ಟ ಎಂದು ಈ ಗುಂಡಿ ಒತ್ತುವ ಜನಕ್ಕೆ ಗೊತ್ತಿಲ್ಲ. ನಡುವೆ ಎರಡು ಸಲ ಸಾತ್ವಿಕ "ಆನು ಒತ್ತನ?" ಎಂದ. ಬೇಡ ಎಂದೆ. ಹಂದಿಯನ್ನೂ ಮೀನನ್ನೂ ಹಾಕಿದೆ. ಅಂಕಲ್ ಹಾಕಿದೆ. ಕೊನೆಯ ಶಬ್ದ ಹಾಕಿದ ಮೇಲೆ ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಸರಿ ಎಂದಿತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಲಾಕರ್ ಅಂತೆ!

ಹೊಸ ಸಂಖ್ಯೆ ಇಟ್ಟು ತಂತಿ ಸಿಕ್ಕಿಸಿದೆ. ಬಾಗಿಲು ತೆರೆಯಿತು. ಇನ್ನು ಯಂತ್ರ ನಿಜವಾಗಿ ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ಏನಾದರೂ ಒಂದು ಹಾಕಿ ನೋಡಲೇಬೇಕು. ಬೇರೆ ಸುದ್ದಿ ಯಾವುದೂ ಕೈಯಲ್ಲಿ ಇರಲಿಲ್ಲ. ಇದನ್ನು ಹಾಕಿದೆ:

"ಸಾತ್ವಿಕ ಮತ್ತು ವಿನುತಾ ಇವರಿಗೆ ೨೩ನೇ ತಾರೀಕು ರವಿವಾರ ಹೆಣ್ಣು ಶಿಶು ಜನನ. ದಾಯಾದಿಗಳಿಗೆ ಡಿಸೆಂಬರ್ ೨, ಮಂಗಳವಾರ ಪೂರ್ತಿ ಅಮೆ. ಉಮಾಮಹೇಶ್ವರ ಭಟ್ಟ, ಅಂಕೋಲಾ."

ಎರಡೂ ಗುಂಡಿ ಒಟ್ಟಿಗೆ ಒತ್ತಿದೆ. ಮಧುಕೇಶ್ವರನ ಜೇಬಿನಲ್ಲೇ ಫೋನ್ ಕಿಣಿ ಎಂದಿತು. ತೆಗೆದು ನೋಡಿದ. ನನ್ನ ಮುಖ ನೋಡಿದ. ಚಪ್ಪಲಿಯನ್ನು ಎಡಬಲ ಅದಲುಬದಲು ಹಾಕಿಕೊಂಡೇ ಬಸ್‌ಸ್ಟ್ಯಾಂಡಿಗೆ ಹೋದ.

ಸಾತ್ವಿಕ ಅಳುತ್ತ ಕೂತಿದ್ದ. ಗಡ್ಡ ಬಿಟ್ಟ ಗಂಡಸು. ನಿನ್ನ ಹೆಂಡತಿಯ ಫೋನಿಗೂ ಇದು ಹೋಗುತ್ತದೋ ಎಂದು ಕೇಳಿದೆ. ಹೋಗುತ್ತದೆ ಎಂದ. ಸರಿ ಎಂದೆ. ಬಾಣಂತಿಗೆ ಜ್ವರ ಇರುವಾಗ ಇಲ್ಲಿ ಬಂದು ಅಳುತ್ತ ಕೂತರೆ ಹ್ಯಾಗೆ ಎಂದು ಬೈದು ಕಳಿಸಿದೆ. ದೇವಕಿ ಅವನ ಕೈಯಲ್ಲಿ ಬಾಣಂತಿ ಲೇಹದ ಡಬ್ಬಿ ಕೊಟ್ಟಳು. ಅಷ್ಟು ಲೇಹ ಇವಳು ಯಾವಾಗ ಮಾಡಿದಳೋ, ನನಗೆ ಗೊತ್ತೇ ಇಲ್ಲ.

೩೦ ನವೆಂಬರ್, ರವಿವಾರ

ನಿನ್ನೆ ಇಡೀ ದಿನ ಫೋನು. ಮೂವರು ಬೈದರು. ಒಬ್ಬ ಶಾಸ್ತ್ರದ ಪುಸ್ತಕದ ಹೆಸರನ್ನೇ ತಪ್ಪು ಹೇಳಿ, ಅದರಲ್ಲಿ ಇಲ್ಲದ ಮಾತನ್ನು ಇದೆ ಎಂದು ವಾದ ಮಾಡಿದ. ಉಳಿದವರು ಏನೂ ಹೇಳಲಿಲ್ಲ. ತಿಮ್ಮಣ್ಣ ಮಾತ್ರ, ಈ ಸಲ ನಿಜ ತಾನೇ ಎಂದು ಕೇಳಿ, ನಿಜ ಎಂದ ಮೇಲೆ ಸಂತೋಷ ಎಂದ.

ಇವತ್ತು ಬೆಳಿಗ್ಗೆ ಮಧುಕೇಶ್ವರ. ಉಸಿರು ಬಿಡದೆ ಬೈದ. ವಂಶದ ಮುಖಕ್ಕೆ ಮಸಿ ಬಳಿದೆ ಎಂದ. ತಾನು ಸತ್ತರೆ ನನ್ನ ಮನೆಯವರು ಯಾರೂ ಬರಬಾರದು ಎಂದ. ನಾನು ಫೋನನ್ನು ಮೇಜಿನ ಮೇಲಿಟ್ಟು ತರಕಾರಿ ಹೆಚ್ಚಿಕೊಡುತ್ತಿದ್ದೆ, ಎಷ್ಟೋ ಹೊತ್ತಿನ ಮೇಲೆ ದನಿ ನಿಂತಿತು. ಇಟ್ಟನೇ ಎಂದು ಎತ್ತಿ ನೋಡಿದೆ. ಇಟ್ಟಿರಲಿಲ್ಲ. ಬರಿ ಉಸಿರು ಕೇಳುತ್ತಿತ್ತು.

"ಎಂತ?" ಎಂದೆ.

"ನಾಳೆ ಯಂಗೆ ಸುಂಕಸಾಳದಲ್ಲಿ ಒಂದು ಸತ್ಯನಾರಾಯಣ ಪೂಜೆ ಇತ್ತು," ಎಂದ. "ಬೇರೆ ಭಟ್ರಿಗೆ ಹೋಗಲೆ ಆನು ಹೇಳಿದ್ದಿ."

"ಎಂತಕ್ಕೆ? ಮೊಣಕಾಲು ನೋವನ?"

ಕೆಮ್ಮಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ, "ಅಮೆ ಮಂಗಳವಾರ ಸಂಜೆಗೇ ಮುಗಿತ ಅಣ್ಣ, ಬುಧವಾರ ಬೆಳಿಗ್ಗೆನ?"

ಮಂಗಳವಾರ ಪೂರ್ತಿ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಓದಲಿಕ್ಕೂ ಬಾರದ ಮಂಗ. ಬುಧವಾರ ಬೆಳಿಗ್ಗೆ ಮಿಂದು ಜನಿವಾರ ಬದಲಿಸು, ಅಲ್ಲಿಯ ತನಕ ದೇವರ ಕೋಣೆಗೆ ಕಾಲಿಡಬೇಡ ಎಂದೆ. ಆಯಿತು ಎಂದ.